ಉರುಟು ಸ್ಫಟಿಕದ ಒಳಗೇನಿದೆ? ನಾನು ನೋಡುವ ಬಗೆ

ಟಂಬಲ್ ಮಾಡಿದ, ಅಂದರೆ ಡ್ರಮ್ಮಿನಲ್ಲಿ ಉರುಳಿಸಿ ನಯ ಮಾಡಿದ, ಸ್ಫಟಿಕದ (ಕ್ವಾರ್ಟ್ಜ್) ಹೊರಮೈ ನೋಡಿ ಹೆಚ್ಚೇನೂ ತಿಳಿಯುವುದಿಲ್ಲ. ಆರು ಮುಖ, ಚೂಪು ತುದಿ, ಅಡ್ಡಗೆರೆ ಎಲ್ಲವೂ ಡ್ರಮ್ಮಿನಲ್ಲಿ ಸಿಲಿಕಾನ್ ಕಾರ್ಬೈಡ್ ಪುಡಿಯ ಜೊತೆ ಉರುಳಿ ಉರುಳಿ ಸವೆದಿರುತ್ತವೆ. ಹಾಗಾಗಿ ನಾನು ಒಳಗಿನಿಂದಲೇ ಶುರು ಮಾಡುತ್ತೇನೆ. 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಸಣ್ಣ ಭೂತಗನ್ನಡಿ), ಒಂದು ಸಣ್ಣ ಟಾರ್ಚ್, ಇಷ್ಟು ಸಾಕು. ಟಾರ್ಚನ್ನು ಮೇಲಿನಿಂದ ಹಿಡಿದರೆ ಪಾಲಿಶ್ ಹೊಳೆದು ಕಣ್ಣು ಕುಕ್ಕುತ್ತದೆ, ಪಕ್ಕದಿಂದ ಹಿಡಿಯಬೇಕು.

ಮೊದಲು ಗಾಜಲ್ಲ ಅಂತ ಖಚಿತ ಮಾಡಿಕೊಳ್ಳಿ. ಒಳಗೆ ಅಲ್ಲಲ್ಲಿ ದುಂಡನೆಯ ಗಾಳಿಗುಳ್ಳೆ ಕಂಡರೆ ನನಗೆ ಅನುಮಾನ ಬರುತ್ತದೆ. ಮೋಸ್ ಗಡಸುತನದ ಅಳತೆಯಲ್ಲಿ ಸ್ಫಟಿಕ 7, ಅದು ಗಾಜನ್ನು ಗೀಚುತ್ತದೆ.

ಆಮೇಲೆ ಸೂಜಿಗಳು, ಅಂದರೆ ಸ್ಫಟಿಕದೊಳಗೆ ಸಿಕ್ಕಿಕೊಂಡ ಬೇರೆ ಖನಿಜಗಳ ಕಡ್ಡಿಗಳು. ಚಿನ್ನದ ಬಣ್ಣ ಇದ್ದರೆ ರೂಟೈಲ್, ಕಪ್ಪಿದ್ದರೆ ಟೂರ್ಮಲೀನ್ ಅಂತ ಸುಮ್ನೆ ಹೇಳಿಬಿಡುತ್ತಾರೆ. ಆದರೆ ರೂಟೈಲ್ ಕೆಂಪಾಗಿ, ಕಂದಾಗಿ, ಕೆಲವೊಮ್ಮೆ ಕಪ್ಪಾಗಿಯೂ ಇರುತ್ತದೆ, ಬಣ್ಣ ನಂಬಿ ಕೂತರೆ ಆಗಲ್ಲ. ನಾನು ಕಲ್ಲನ್ನು ನಿಧಾನವಾಗಿ ತಿರುಗಿಸುತ್ತೇನೆ. ರೂಟೈಲ್ ಸೂಜಿ ಒಂದು ಕೋನದಲ್ಲಿ ಉದ್ದಕ್ಕೂ ಲೋಹದಂತೆ ಫಳಕ್ಕನೆ ಹೊಳೆದು, ಮರುಕ್ಷಣ ಮಂಕಾಗುತ್ತದೆ. ಅದರ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಅನ್ನುವ ಅಳತೆ) 2.6ಕ್ಕಿಂತ ಜಾಸ್ತಿ, ಸುತ್ತಲಿನ ಸ್ಫಟಿಕದ್ದು ಬರೀ 1.54–1.55, ಹೊಳಪು ಅಲ್ಲಿಂದಲೇ ಬರುವುದು. ಟೂರ್ಮಲೀನ್ ಕಡ್ಡಿ ಸಾಮಾನ್ಯವಾಗಿ ದಪ್ಪ, ಮೈಮೇಲೆ ಉದ್ದುದ್ದ ಗೀರುಗಳು. ಇಲ್ಲಿ ಟಂಬಲಿಂಗ್‌ನಿಂದ ಒಂದು ಲಾಭವೂ ಇದೆ: ಕಡ್ಡಿ ಕಲ್ಲಿನ ಅಂಚಿಗೆ ಬಂದ ಕಡೆ ಅಡ್ಡಲಾಗಿ ಸವೆದು ಅದರ ತುದಿ ಬಯಲಾಗಿರುತ್ತದೆ. ಆ ತುದಿ ಬದಿಗಳು ಉಬ್ಬಿದ ತ್ರಿಕೋನದಂತೆ ಕಂಡರೆ ಟೂರ್ಮಲೀನ್ ಅಂತ ಧೈರ್ಯವಾಗಿ ಬರೆದಿಡುತ್ತೇನೆ.

ಹಸಿರು ಮಿನುಗುವ ಚೂರುಗಳಾದರೆ ಬಹುತೇಕ ಫುಕ್ಸೈಟ್ ಅಭ್ರಕ, ಅಂಥ ಕಲ್ಲಿಗೆ ಅವೆಂಚುರಿನ್ ಅನ್ನುತ್ತಾರೆ. ಪಾಚಿಯಂಥ ಮಬ್ಬು ಹಸಿರಾದರೆ ಕ್ಲೋರೈಟ್ ಅನ್ನುವ ಖನಿಜ, ನನಗೆ ತುಂಬಾ ಇಷ್ಟ ಇದು. ಸ್ಫಟಿಕ ಬೆಳೆಯುವಾಗ ನಡುವೆ ಅದರ ಮುಖಗಳ ಮೇಲೆ ಕ್ಲೋರೈಟ್ ಕೂತು, ಅದರ ಮೇಲೆ ಮತ್ತೆ ಸ್ಫಟಿಕ ಬೆಳೆದಿರುತ್ತದೆ. ಹೊರಗೆ ಉರುಟಾದ ಕಲ್ಲಿನೊಳಗೆ ಹಳೆಯ ಚೂಪು ತುದಿ ಹಸಿರು ಗೆರೆಯಾಗಿ ಹಾಗೇ ಉಳಿದಿರುತ್ತದೆ, ಎಷ್ಟು ಚೆಂದ ಅಲ್ವಾ!

ಮಾರುವ ಹೆಸರುಗಳನ್ನು ನಾನು ಚೀಟಿಯಲ್ಲಿ ಬರೆಯುವುದಿಲ್ಲ. ನೇರಳೆ ಕಲ್ಲಿನೊಳಗಿನ ಹಳದಿ-ಕಂದು ಎಳೆಗಳನ್ನು ಕ್ಯಾಕೊಕ್ಸೆನೈಟ್ ಅಂತ ಮಾರುತ್ತಾರೆ, ಅದು ಸಾಮಾನ್ಯವಾಗಿ ಗೋಥೈಟ್ ಅನ್ನುವ ಕಬ್ಬಿಣದ ಖನಿಜ. ಅಷ್ಟೂ ಖಚಿತವಿಲ್ಲದಿದ್ದರೆ "ಕಬ್ಬಿಣದ ಆಕ್ಸೈಡ್ ಇರಬಹುದು" ಅಂತ ಬರೆದು ಕಲ್ಲನ್ನು ಡಬ್ಬಿಗೆ ಹಾಕುತ್ತೇನೆ.