ಫ್ಲೇರ್ ಸ್ಟ್ಯಾಕಿನ ನೈಟ್ರೋಜನ್ ಪರ್ಜ್: ಹರಿವು ತಗ್ಗಿಸಿ ಗೆದ್ದ ನನ್ನ ಅನುಭವ

ಫ್ಲೇರ್ ಸ್ಟ್ಯಾಕ್ ಎಂದರೆ ಕಾರ್ಖಾನೆಯ ಹೆಚ್ಚುವರಿ ಅನಿಲವನ್ನು ತುದಿಯಲ್ಲಿ ಸುಡುವ ಎತ್ತರದ ಕೊಳವೆ; ಗಾಳಿ ಒಳನುಗ್ಗಿ ಸ್ಫೋಟವಾಗದಂತೆ ಅದರೊಳಗೆ ನೈಟ್ರೋಜನ್ ಹರಿಸುವುದೇ ಪರ್ಜ್. ಗಂಟೆಗೆ 40 ಘನ ಮೀಟರ್ ನೈಟ್ರೋಜನ್ ಬಿಡುತ್ತಿದ್ದಾಗ ನಮ್ಮ ಫ್ಲೇರ್ ಸ್ಟ್ಯಾಕಿನೊಳಗೆ ಆಕ್ಸಿಜನ್ ಆಗಾಗ ಏರುತ್ತಿತ್ತು. ಹರಿವನ್ನು 13ಕ್ಕೆ ಇಳಿಸಿದ ಮೇಲೆ ಏರುವುದು ನಿಂತಿತು. ಈ ಯೋಜನೆಯನ್ನು ಮುಂದಿಟ್ಟ ದಿನ ಹಿರಿಯ ಸಹೋದ್ಯೋಗಿಯೊಬ್ಬರು, "ಉಳಿತಾಯದ ಆಸೆಗೆ ಸ್ಟ್ಯಾಕನ್ನೇ ಹಾರಿಸಬೇಕೆಂದಿದ್ದೀರಾ?" ಎಂದು ಕೇಳಿದ್ದರು. ಈಗ ಹದಿನಾಲ್ಕು ತಿಂಗಳ ದಾಖಲೆ ನನ್ನ ಪರವಾಗಿ ಮಾತನಾಡುತ್ತದೆ.

ಸ್ಟ್ಯಾಕಿನ ವ್ಯಾಸ 600 ಮಿ.ಮೀ., ಎತ್ತರ ಸುಮಾರು 40 ಮೀಟರ್, ಅದಕ್ಕೆ ಅನಿಲ ತರುವ ಕೊಳವೆಯಾದ ಹೆಡರ್ 150 ಮೀಟರ್, ಸ್ಟ್ಯಾಕಿನ ತುದಿಯಲ್ಲಿ ಗಾಳಿ ಒಳಗಿಳಿಯದಂತೆ ತಡೆಯುವ ವೆಲಾಸಿಟಿ ಸೀಲ್ ಇದೆ. ತುದಿಯಿಂದ ಎಂಟು ಮೀಟರ್ ಕೆಳಗೆ ಆಕ್ಸಿಜನ್ ಶೇ. 6 ದಾಟಬಾರದೆಂಬ ರೂಢಿಯ ಮಿತಿಯನ್ನೇ ಹಿಡಿದೆವು. ಅನಿಲದಲ್ಲಿ ಹೈಡ್ರೋಜನ್ ಹೆಚ್ಚಿರುವವರು ಇದನ್ನು ನಂಬಬೇಡಿ; ಅದು ಸುಮಾರು ಶೇ. 5 ಆಕ್ಸಿಜನ್ ಸಿಕ್ಕರೂ ಹೊತ್ತಿಕೊಳ್ಳುತ್ತದೆ.

ಮೊದಲ ಎರಡು ವಾರ ಪೂರ್ತಿ ವ್ಯರ್ಥವಾಯಿತು. ಆಕ್ಸಿಜನ್ ಅಳೆಯುವ ಅನಲೈಸರ್ ಸದಾ ಶೇ. 4 ತೋರಿಸುತ್ತಿದ್ದುದರಿಂದ ನೈಟ್ರೋಜನ್ ಹೆಚ್ಚಿಸುತ್ತಲೇ ಹೋದೆವು. ಕೊನೆಗೆ ಸ್ಯಾಂಪಲ್ ಟ್ಯೂಬಿನ ಜೋಡಣೆಯೊಂದರಲ್ಲಿ ಫೆರುಲ್ (ಟ್ಯೂಬನ್ನು ಬಿಗಿ ಹಿಡಿಯುವ ಉಂಗುರ) ತಿರುಗುಮುರುಗಾಗಿ ಕುಳಿತಿದ್ದು, ಅಲ್ಲಿಂದ ಪಂಪು ಹೊರಗಿನ ಗಾಳಿಯನ್ನೇ ಹೀರುತ್ತಿದ್ದುದು ಕಂಡಿತು.

ಅದನ್ನು ಸರಿಪಡಿಸಿದ ಮೇಲೆ ನಿಜವಾದ ಚಿತ್ರ ಸಿಕ್ಕಿತು: ದೊಡ್ಡ ಬಿಸಿ ಅನಿಲದ ಬಿಡುಗಡೆ ಮುಗಿದ ನಂತರದ ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಮಾತ್ರ ಆಕ್ಸಿಜನ್ ಏರುತ್ತಿತ್ತು. 300 ಡಿಗ್ರಿಯ ಅನಿಲ 30ಕ್ಕೆ ತಣಿದರೆ ಗಾತ್ರ ಹತ್ತಿರಹತ್ತಿರ ಅರ್ಧವಾಗುತ್ತದೆ. ಹೆಡರ್ ಮತ್ತು ಸ್ಟ್ಯಾಕ್ ಸೇರಿ 53 ಘನ ಮೀಟರ್ ಎಂದರೆ ಸುಮಾರು 25 ಘನ ಮೀಟರಿನಷ್ಟು ಕುಗ್ಗುವಿಕೆ. ಇದು ಇಪ್ಪತ್ತು ನಿಮಿಷದಲ್ಲಿ ನಡೆದರೆ ಸ್ಟ್ಯಾಕ್ ಗಂಟೆಗೆ 75ರ ವೇಗದಲ್ಲಿ ಗಾಳಿಯನ್ನು ಒಳಗೆಳೆಯುತ್ತದೆ, ಅದರ ಮುಂದೆ ನಮ್ಮ 40 ಯಾವ ಲೆಕ್ಕ? ಉಳಿದ ಹೊತ್ತಿನಲ್ಲಿ ಅದೇ 40 ಬರಿದೇ ಪೋಲಾಗುತ್ತಿತ್ತು.

ಆದ್ದರಿಂದ ಹರಿವನ್ನು ಎರಡಾಗಿ ಸೀಳಿದೆ. ನಿತ್ಯದ 13ಕ್ಕೆ, ಅಂದರೆ ಸೆಕೆಂಡಿಗೆ ಸುಮಾರು 1.25 ಸೆಂ.ಮೀ. ವೇಗಕ್ಕೆ, ಹೆಡರಿನ ದೂರದ ತುದಿಯಲ್ಲಿ ಎರಡು ಮಿಲಿಮೀಟರಿಗಿಂತ ಕೊಂಚ ದೊಡ್ಡ ರಂಧ್ರದ ಆರಿಫೈಸ್ (ಹರಿವನ್ನು ಮಿತಿಗೊಳಿಸುವ ತಟ್ಟೆ) ಕೂರಿಸಿ, ಅದರ ಕವಾಟವನ್ನು ತೆರೆದ ಸ್ಥಿತಿಯಲ್ಲೇ ಬೀಗ ಹಾಕಿದೆ. ಬಿಸಿ ಬಿಡುಗಡೆಯ ನಂತರ ಅರ್ಧ ಗಂಟೆ 90 ಹರಿಸಲು ಬೇರೊಂದು ಕವಾಟವಿದೆ; ಕವಾಟವನ್ನು ನಡೆಸುವ ಒತ್ತಡದ ಗಾಳಿ (ಇನ್‌ಸ್ಟ್ರುಮೆಂಟ್ ಗಾಳಿ) ನಿಂತರೆ ಅದು ತಾನಾಗಿ ತೆರೆದುಕೊಳ್ಳುತ್ತದೆ. ಥರ್ಮೋಕಪಲ್ (ತಾಪಮಾನ ಅಳೆಯುವ ಸಾಧನ) ಎಷ್ಟು ಇಳಿದಾಗ ಅದು ತೆರೆಯಬೇಕೆಂಬ ಸಂಖ್ಯೆಯನ್ನು ನಾನು ಬಿಟ್ಟುಕೊಡುವುದಿಲ್ಲ. ನಿಮ್ಮ ಸ್ಟ್ಯಾಕಿಗೆ ನೀವೇ ಅಳೆಯಿರಿ, ಆದರೆ ಬಿಡುಗಡೆ ಪೂರ್ತಿ ನಿಲ್ಲುವವರೆಗೆ ಕಾಯಬೇಡಿ ಎಂದಷ್ಟೇ ಹೇಳುತ್ತೇನೆ.

ಮೊದಲ ತಿಂಗಳಲ್ಲೇ ಉಗುರಿನ ಚೂರಿನಷ್ಟು ಸಣ್ಣ ತುಕ್ಕಿನ ಹಕ್ಕಳೆಯೊಂದು ಆರಿಫೈಸನ್ನು ಮುಚ್ಚಿತು. ಕಡಿಮೆ ಹರಿವಿನ ಅಲಾರಂ ಇದ್ದುದರಿಂದ ಬಚಾವಾದೆವು. ಕಸ ತಡೆಯುವ ಸ್ಟ್ರೈನರ್ ಮೊದಲೇ ಹಾಕದಿದ್ದುದು ನನ್ನದೇ ತಪ್ಪು. ನೈಟ್ರೋಜನ್ ಬಿಲ್ಲು ಈಗ ಹಿಂದಿನದರ ಮೂರನೇ ಒಂದು ಭಾಗದ ಆಸುಪಾಸಿನಲ್ಲಿದೆ. ಕವಾಟ, ಕೇಬಲ್, ಅನಲೈಸರುಗಳ ಖರ್ಚು ಐದು ತಿಂಗಳಲ್ಲಿ ಮರಳಿತು.

ನಡುವೆ ನೈಟ್ರೋಜನ್ ಬದಲು ಹಬೆ ಬಳಸುವ ಸಲಹೆಯೂ ಬಂದಿತ್ತು; ಹಬೆ ತಣಿದು ನೀರಾಗಿ ಗಾಳಿಯನ್ನು ಇನ್ನಷ್ಟು ಎಳೆಯುವುದರಿಂದ ಕಾಗದದಲ್ಲೇ ಕೈಬಿಟ್ಟೆ. ಸಿಲಿಂಡರಿನ ಕಾರ್ಬನ್ ಡೈಆಕ್ಸೈಡನ್ನು ಬಯಲಿನಲ್ಲಿ ಒಮ್ಮೆ ಬಿಟ್ಟು ನೋಡಿದೆ. ನಳಿಕೆಯ ಬಾಯಿಂದ ಹಿಮದ ಪುಡಿ ಹಾರಿತು, ಆ ಪುಡಿ ಸ್ಥಿರ ವಿದ್ಯುತ್ತಿನ ಕಿಡಿ ಹುಟ್ಟಿಸಬಲ್ಲದು. ಸಿಲಿಂಡರನ್ನು ಅಂದೇ ಉಗ್ರಾಣಕ್ಕೆ ಹಿಂತಿರುಗಿಸಿದೆ.