ಬ್ರಿಟನ್ನಿಗೆ ಹೊರಟಿದ್ದೀರಾ? ಕಣ್ಣಿನ ಹಳೆಯ ಸ್ಕ್ಯಾನ್ ಮರೆಯಬೇಡಿ

ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಓದಲು ಬ್ರಿಟನ್ನಿಗೆ ಬರುವ ಹುಡುಗ ಹುಡುಗಿಯರಲ್ಲಿ ಯಾರಾದರೂ ಕಣ್ಣು ಉಜ್ಜಿಕೊಳ್ಳುತ್ತಾ, ‘ಸಿಲಿಂಡರ್ ನಂಬರ್ ಮತ್ತೆ ಏರಿದೆ’ ಎಂದರೆ ಕೆರಟೋಕೋನಸ್ ಇರುವ ನನಗೆ ಎದೆ ಧಸಕ್ಕೆನ್ನುತ್ತದೆ. ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ತೆಳುವಾಗಿ ಮುಂದಕ್ಕೆ ಉಬ್ಬುವ ಕಾಯಿಲೆ ಇದು ಎಂಬುದು ನಿಮಗೆ ಗೊತ್ತಿರುತ್ತದೆ. ಇಲ್ಲಿಗೆ ಬಂದವರು ಎಡವುವುದು ಬೇರೆ ಕಡೆ.

ವೀಸಾ ಜೊತೆಗೆ ಆರೋಗ್ಯ ಶುಲ್ಕ ಕಟ್ಟಿರುತ್ತೀರಿ. ವಿದ್ಯಾರ್ಥಿಗಳಿಗೆ ಅದು ವರ್ಷಕ್ಕೆ 776 ಪೌಂಡ್. ಹಾಗಾಗಿ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಆಸ್ಪತ್ರೆಯ ಚಿಕಿತ್ಸೆ ನಿಮ್ಮ ಹಕ್ಕು. ಆದರೆ ನಮ್ಮಲ್ಲಿಯಂತೆ ನೇರವಾಗಿ ತಜ್ಞರ ಬಳಿ ಹೋಗುವಂತಿಲ್ಲ. ಮೊದಲು ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಆಪ್ಟೋಮೆಟ್ರಿಸ್ಟ್ ನೋಡಬೇಕು, ಅವರೋ ಜಿಪಿಯೋ (ನೀವು ಹೆಸರು ನೋಂದಾಯಿಸಿದ ಸಾಮಾನ್ಯ ವೈದ್ಯರು) ಆಸ್ಪತ್ರೆಗೆ ಪತ್ರ ಬರೆಯಬೇಕು, ಆಮೇಲೆ ಕಾಯಬೇಕು. ‘ಕೆರಟೋಕೋನಸ್ ಶಂಕೆಯಿದೆ, ನಂಬರ್ ಬೇಗ ಬೇಗ ಬದಲಾಗುತ್ತಿದೆ’ ಎಂದು ಪತ್ರದಲ್ಲಿ ಬರೆಸಿ. ಬರೀ ‘ಮಂಜಾಗಿ ಕಾಣುತ್ತದೆ’ ಎಂದರೆ ಹೊಸ ಕನ್ನಡಕ ಮಾರಿ ಕಳಿಸುತ್ತಾರೆ.

ಸಮಯ ತಿನ್ನುವ ಬಲೆ ಇರುವುದು ಇದರಾಚೆ. ಕ್ರಾಸ್‌ಲಿಂಕಿಂಗ್ ಎಂಬುದು ಕಾರ್ನಿಯಾವನ್ನು ಗಟ್ಟಿ ಮಾಡಿ ಕಾಯಿಲೆಯನ್ನು ತಡೆದು ನಿಲ್ಲಿಸುವ ಚಿಕಿತ್ಸೆ, ಹೋದ ದೃಷ್ಟಿಯನ್ನು ಮರಳಿಸುವುದಕ್ಕಲ್ಲ. ಆದ್ದರಿಂದ ಕಾಯಿಲೆ ಮುಂದುವರಿಯುತ್ತಿದೆ ಎಂಬುದಕ್ಕೆ ಇಲ್ಲಿನ ವೈದ್ಯರು ಸಾಮಾನ್ಯವಾಗಿ ಪುರಾವೆ ಕೇಳುತ್ತಾರೆ. ಕಾರ್ನಿಯಾದ ಆಕಾರ, ದಪ್ಪ ಅಳೆಯುವ ಒಂದೇ ಸ್ಕ್ಯಾನ್‌ನಿಂದ ಅದು ತಿಳಿಯುವುದಿಲ್ಲ. ಎರಡನೆಯದಕ್ಕೆ ತಿಂಗಳುಗಟ್ಟಲೆ ಕಾಯಿಸುತ್ತಾರೆ. ಇಪ್ಪತ್ತರ ಆಸುಪಾಸಿನಲ್ಲಿ ಕಾಯಿಲೆ ಆ ತಿಂಗಳುಗಳಲ್ಲೇ ಓಡಬಹುದು. ಕಾರ್ನಿಯಾ 400 ಮೈಕ್ರಾನ್‌ಗಿಂತ ತೆಳುವಾದರೆ ರೂಢಿಯ ಚಿಕಿತ್ಸಾ ವಿಧಾನವೇ ಕೈತಪ್ಪುತ್ತದೆ. ಶಹಾಬಾದಿನ ಒಬ್ಬ ಹುಡುಗ ಎರಡು ವರ್ಷ ಮೊದಲೇ ಹೈದರಾಬಾದಿನಲ್ಲಿ ಸ್ಕ್ಯಾನ್ ಮಾಡಿಸಿಕೊಂಡಿದ್ದ. ಕಡತ ಮಾತ್ರ ಊರಿನ ಟ್ರಂಕಿನಲ್ಲಿ, ಅವನ ಮೊಬೈಲಿನಲ್ಲಿದ್ದದ್ದು ಸೂಪರ್ ಮಾರ್ಕೆಟ್ಟಿನ ಅಂಗಡಿಯ ಕನ್ನಡಕದ ಚೀಟಿ. ಇಲ್ಲಿನ ಆಸ್ಪತ್ರೆಯವರು ಒಂದು ಸ್ಕ್ಯಾನ್ ಮಾಡಿ ‘ಆರು ತಿಂಗಳು ಬಿಟ್ಟು ಬನ್ನಿ’ ಎಂದರು. ಅವನ ಅಕ್ಕ ಟ್ರಂಕು ತೆಗೆದು ವರದಿ ಕಳಿಸಿದ ಮೇಲೆ ಎರಡೂ ಸ್ಕ್ಯಾನ್ ಹೋಲಿಸಿ ಅವನನ್ನು ಚಿಕಿತ್ಸೆಯ ಪಟ್ಟಿಗೆ ಸೇರಿಸಿದರು.

ವಾಟ್ಸಾಪಿನಲ್ಲಿ ಕಳಿಸಿದ, ಸ್ಕ್ಯಾನಿನ ಬಣ್ಣದ ನಕ್ಷೆಯ ಫೋಟೋ ಸಾಲದು. ದಿನಾಂಕ, ಕೆ-ಮ್ಯಾಕ್ಸ್ (ಕಾರ್ನಿಯಾ ಅತಿ ಹೆಚ್ಚು ಬಾಗಿದ ಜಾಗದ ಅಳತೆ), ಅತಿ ತೆಳುವಾದ ಜಾಗದ ದಪ್ಪ, ಯಂತ್ರದ ಹೆಸರು, ಇವೆಲ್ಲ ಕಾಣುವ ಪೂರ್ತಿ ಪಿಡಿಎಫ್ ಬೇಕು. ಒಂದು ಯಂತ್ರದ ಅಂಕಿಯನ್ನು ಇನ್ನೊಂದರದಕ್ಕೆ ನೇರವಾಗಿ ಹೋಲಿಸಲಾಗದು. ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರು ಸ್ಕ್ಯಾನಿಗೆ ಎಷ್ಟು ದಿನ ಮೊದಲು ತೆಗೆದಿಡಬೇಕೆಂದು ಆಸ್ಪತ್ರೆಯನ್ನು ಕೇಳಿ, ಹಾಗೆಯೇ ನಡೆಯಿರಿ. ಗಟ್ಟಿ ಲೆನ್ಸ್‌ಗೆ ಹೆಚ್ಚು ದಿನ ಬೇಕು. ಇಲ್ಲವಾದರೆ ಕಾರ್ನಿಯಾದ ಆಕಾರ ತಪ್ಪಾಗಿ ದಾಖಲಾಗಿ ಕಾದದ್ದೆಲ್ಲ ವ್ಯರ್ಥ.

ಪತ್ತೆಹಚ್ಚುವ ವಿಷಯದಲ್ಲಿ ನಮ್ಮ ಕಡೆಯ ವ್ಯವಸ್ಥೆಯೇ ಮೇಲು. ಹೈದರಾಬಾದಿನಲ್ಲೋ ಸೊಲ್ಲಾಪುರದಲ್ಲೋ ದುಡ್ಡು ಕೊಟ್ಟರೆ ತಪಾಸಣೆ, ಸ್ಕ್ಯಾನ್, ತಜ್ಞರ ಅಭಿಪ್ರಾಯ ಒಂದೇ ದಿನದಲ್ಲಿ ಮುಗಿಯಬಹುದು. ಆದರೆ ವರ್ಷಾನುಗಟ್ಟಲೆ ಲೆನ್ಸ್ ಹೊಂದಿಸಿ, ಬಿಡದೆ ಕರೆದು ನೋಡುವುದರಲ್ಲಿ ಎನ್‌ಎಚ್‌ಎಸ್ ಮುಂದು. ಆಸ್ಪತ್ರೆಯ ಮೂಲಕ ಕೊಡುವ ಲೆನ್ಸ್‌ಗೆ ನಿಗದಿತ ಶುಲ್ಕ, ಅಂಗಡಿಯ ದರವಲ್ಲ. ಹೀಗಾಗಿ ನನ್ನ ಸಲಹೆ: ಸ್ಕ್ಯಾನ್ ಊರು ಬಿಡುವ ಮೊದಲೇ ಆಗಲಿ. ಚಿಕಿತ್ಸೆ ಬೇಕೆಂದರೆ ವಿಮಾನಕ್ಕೆ ವಾರವಿರುವಾಗ ಮಾಡಿಸಬೇಡಿ; ರೂಢಿಯ ಕ್ರಾಸ್‌ಲಿಂಕಿಂಗ್‌ನಲ್ಲಿ ಕಾರ್ನಿಯಾದ ಮೇಲ್ಪದರ ತೆಗೆಯುತ್ತಾರೆ, ಆ ಕಣ್ಣು ತಿಳಿಯಾಗಲು ವಾರಗಳೇ ಬೇಕು. ಕನ್ನಡಕ ಕಳೆಯಲೆಂದು, ಮದುವೆಗೆಂದು ಲೇಸಿಕ್ ಲೇಸರ್ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವ ಯೋಚನೆಯಂತೂ ಬೇಡವೇ ಬೇಡ. ತೆಳುವಾದ ಕಾರ್ನಿಯಾವನ್ನು ಅದು ಇನ್ನಷ್ಟು ದುರ್ಬಲಗೊಳಿಸುತ್ತದೆ.

ಬೇಸಿಗೆಯ ಧೂಳಿಗೆ ಕಣ್ಣು ತುರಿಸಿದರೆ ಊರಿನಲ್ಲಿ ಉಜ್ಜಿ ರೂಢಿ. ಇಲ್ಲಿ ಪರಾಗದ ಕಾಲದಲ್ಲೂ ತುರಿಸುತ್ತದೆ. ಉಜ್ಜಬೇಡಿ, ಅಲರ್ಜಿಯ ಹನಿ ಕೇಳಿ ಪಡೆಯಿರಿ. ಲೆನ್ಸ್ ಅನ್ನು ನಲ್ಲಿ ನೀರಿನಲ್ಲಿ ತೊಳೆಯಬೇಡಿ. ಕಣ್ಣು ಕೆಂಪಾಗಿ ನೋವು ಬಂದರೆ, ಇಲ್ಲವೇ ದೃಷ್ಟಿ ದಿಢೀರನೆ ಮಸುಕಾದರೆ, ಜಿಪಿಯ ಸರದಿಗೆ ಕಾಯದೆ ಅದೇ ದಿನ ಕಣ್ಣಿನ ತುರ್ತು ವಿಭಾಗಕ್ಕೆ ಹೋಗಿ. ಹಲವು ಕಡೆ ಅಲ್ಲಿ ಪತ್ರ ಕೇಳುವುದಿಲ್ಲ.