ಅಲ್ಪಾಕಾ ಸಾಕಣೆ: ನಾನು ಉಣ್ಣೆಯಿಂದ ಶುರು ಮಾಡಿದೆ

ಅಲ್ಪಾಕಾ ಅಂದರೆ ಉಣ್ಣೆಗಾಗಿ ಸಾಕುವ, ಒಂಟೆಯ ಜಾತಿಗೆ ಸೇರಿದ ದಕ್ಷಿಣ ಅಮೆರಿಕದ ಪ್ರಾಣಿ. ಅದನ್ನು ಸಾಕಬೇಕು ಅಂತ ಆಸೆ ಪಡುವವರಲ್ಲಿ ತುಂಬಾ ಜನ ಮೊದಲು ಕೇಳೋದು ಗಬ್ಬದ ಹೆಣ್ಣು ಎಲ್ಲಿ ಸಿಗುತ್ತದೆ ಅಂತ. ನಾನು ಹಾಗೆ ಶುರು ಮಾಡಲಿಲ್ಲ. ಬೀಜ ಒಡೆಸಿದ ಮೂರು ಗಂಡು ತಂದೆ. ಈಗಲೂ ಯಾರೇ ಕೇಳಲಿ, ಅದನ್ನೇ ಹೇಳುತ್ತೇನೆ. ಅವು ಹೆಣ್ಣಿಗಿಂತ ಎಷ್ಟೋ ಅಗ್ಗ, ಜಗಳ ಕಮ್ಮಿ, ಉಣ್ಣೆ ಮಾತ್ರ ಅಷ್ಟೇ ಚೆನ್ನಾಗಿ ಕೊಡುತ್ತವೆ. ಮೂರು ಯಾಕೆ ಅಂದರೆ ಇದು ಮಂದೆಯ ಪ್ರಾಣಿ, ಒಂಟಿಯಾಗಿ ಬಿಟ್ಟರೆ ಸೊರಗಿ ಹೋಗುತ್ತದೆ. ಎರಡೇ ಇದ್ದು ಒಂದು ಸತ್ತರೆ ಉಳಿದದ್ದು ಒಂಟಿ, ಅಲ್ವಾ.

ಆ ಗಂಡುಗಳ ಜೊತೆಗೇ ನನ್ನ ಕೈ ಪಳಗಿತು. ಅಲ್ಪಾಕಾ ತನ್ನ ಕಾಯಿಲೆ ತೋರಿಸಿಕೊಳ್ಳುವುದಿಲ್ಲ, ಮೇಲೆ ದಪ್ಪ ಉಣ್ಣೆ ಬೇರೆ, ಹಾಗಾಗಿ ಮೈ ಬಡವಾಗಿರುವುದು ದೂರದಿಂದ ಕಾಣುವುದೇ ಇಲ್ಲ. ಬೆನ್ನುಮೂಳೆಯ ಮೇಲೆ ಕೈ ಒತ್ತಿ ನೋಡಬೇಕು. ಕೆಳರೆಪ್ಪೆ ಎಳೆದು ಒಳಗಿನ ಬಣ್ಣ ನೋಡಬೇಕು. ಅದು ಬಿಳಚಿಕೊಂಡಿದ್ದರೆ ರಕ್ತ ಹೀರುವ ಜಂತುಹುಳ ಸೇರಿರಬಹುದು. ಇಷ್ಟು ತಿಂಗಳಿಗೊಮ್ಮೆ ಅಂತ ಲೆಕ್ಕ ಇಟ್ಟು ಸುಮ್ನೆ ಔಷಧಿ ಕುಡಿಸುವುದು ನನಗೆ ಸರಿ ಕಾಣುವುದಿಲ್ಲ, ಹಾಗೆ ಮಾಡಿದರೆ ಹುಳಗಳು ಔಷಧಿಗೆ ಬಗ್ಗುವುದನ್ನೇ ಬಿಡುತ್ತವೆ. ಹಿಕ್ಕೆ ಪರೀಕ್ಷೆ ಮಾಡಿಸಿ, ಬೇಕಾದ ಪ್ರಾಣಿಗೆ ಮಾತ್ರ ಕೊಡುತ್ತೇನೆ. ಇಡೀ ಮಂದೆ ಒಂದೆರಡು ಜಾಗದಲ್ಲೇ ಹಿಕ್ಕೆ ಹಾಕುತ್ತದೆ, ಅದು ದೊಡ್ಡ ಅನುಕೂಲ. ದಿನಾ ಎತ್ತಿಬಿಟ್ಟರೆ ಮೇಯುವ ಹುಲ್ಲು ಚೊಕ್ಕಟವಾಗಿರುತ್ತದೆ, ಗೊಬ್ಬರಕ್ಕೂ ಗಿರಾಕಿ ಸಿಗುತ್ತಾರೆ.

ಮೇವಿನ ವಿಷಯ ಸುಲಭ. ಮೈತೂಕದ ಶೇಕಡಾ 1.5ರಿಂದ 2ರಷ್ಟು ಒಣಮೇವು ಸಾಕು, ಅಂದರೆ 65 ಕಿಲೋ ಪ್ರಾಣಿಗೆ ದಿನಕ್ಕೆ ಕಿಲೋ, ಕಿಲೋಕಾಲು. ಕಾಳು ಜಾಸ್ತಿ ಹಾಕಬೇಡಿ, ಹೊಟ್ಟೆಯಲ್ಲಿ ಆಮ್ಲ ಏರಿ ಜೀವಕ್ಕೇ ಅಪಾಯ. ಬಿಸಿಲು ಕಮ್ಮಿ ಇರುವ ಕಡೆ ಮರಿಗಳಿಗೆ ವಿಟಮಿನ್ ಡಿ ಕೊಡಬೇಕಾಗುತ್ತದೆ, ಇಲ್ಲದಿದ್ದರೆ ಕಾಲು ಸೊಟ್ಟಗಾಗುತ್ತದೆ. ಸೆಕೆ ಜಾಸ್ತಿಯಾದರೆ ನೀರು ಬಿಡಬೇಕಾದದ್ದು ಹೊಟ್ಟೆಗೆ ಮತ್ತು ಕಾಲಿಗೆ. ಬೆನ್ನಿನ ಉಣ್ಣೆ ನೆನೆದರೆ ಕಾವು ಒಳಗೇ ಉಳಿದುಬಿಡುತ್ತದೆ.

ಉಣ್ಣೆ ಕತ್ತರಿಸೋದು ವರ್ಷಕ್ಕೆ ಒಂದು ಸಲ, ಬೇಸಿಗೆಗೆ ಮುಂಚೆ. ಆ ದಿನ ನನಗೆ ಹಬ್ಬ ಇದ್ದ ಹಾಗೆ. ಹುವಾಕಾಯಾ ತಳಿಯ ಉಣ್ಣೆ ಉಬ್ಬಿಕೊಂಡು ಮೆತ್ತಗಿರುತ್ತದೆ, ಸೂರಿ ತಳಿಯದು ಎಳೆಎಳೆಯಾಗಿ ಜೋತುಬಿದ್ದು ಹೊಳೆಯುತ್ತದೆ. ನನ್ನ ಹತ್ತಿರ ಇರೋದು ಹುವಾಕಾಯಾ. ಬೆನ್ನು ಮತ್ತು ಪಕ್ಕೆಯ ಉಣ್ಣೆ ಮೊದಲು ತೆಗೆದು ಬೇರೆ ಚೀಲಕ್ಕೆ ಹಾಕುತ್ತೇವೆ, ಅದೇ ಒಳ್ಳೆ ಮಾಲು. ಕತ್ತಿನದು ಇನ್ನೊಂದು ಚೀಲಕ್ಕೆ, ಹೊಟ್ಟೆ ಮತ್ತು ಕಾಲಿನ ಒರಟು ಉಣ್ಣೆ ಮೂರನೆಯದಕ್ಕೆ. ಇವು ಬೆರೆತರೆ ಇಡೀ ಮಾಲು ಒರಟಿನ ಬೆಲೆಗೇ ಹೋಗುತ್ತದೆ. ಕುರಿ ಉಣ್ಣೆಯಷ್ಟು ಇದರಲ್ಲಿ ಜಿಡ್ಡಿಲ್ಲ, ತೊಳೆಯುವುದು ಸುಲಭ. ಕತ್ತರಿಸುವ ಮುಂಚೆ ಪ್ರತಿ ಪ್ರಾಣಿಯ ಪಕ್ಕೆಯಿಂದ ಒಂದು ಚೂರು ಉಣ್ಣೆ ತೆಗೆದು ಪ್ರಯೋಗಾಲಯಕ್ಕೆ ಕಳಿಸುತ್ತೇನೆ. ಎಳೆ ಎಷ್ಟು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ದಪ್ಪ, ಎಳೆಯಿಂದ ಎಳೆಗೆ ವ್ಯತ್ಯಾಸ ಎಷ್ಟು ಅಂತ ವರದಿ ಬರುತ್ತದೆ. ವಯಸ್ಸಾದ ಹಾಗೆ ಎಳೆ ದಪ್ಪವಾಗುತ್ತದೆ. ಮರಿಯ ಮೊದಲ ವರದಿ ನೋಡಿ ಮರುಳಾಗಬಾರದು. ನಾಲ್ಕೈದು ವರ್ಷ ಆದ ಮೇಲೂ ಯಾವುದರ ಎಳೆ ನಯವಾಗಿಯೇ ಇದೆಯೋ, ಅದೇ ತಳಿ ಮಾಡಲು ಯೋಗ್ಯ.

ಹೆಣ್ಣುಗಳನ್ನು ತಂದದ್ದು ಇದೆಲ್ಲ ಕೈಗೆ ಹತ್ತಿದ ಮೇಲೆ. ಇಲ್ಲಿ ನನ್ನದು ಒಂದು ಕಟ್ಟುನಿಟ್ಟು ಇದೆ: ಹುಟ್ಟುವ ಮರಿ ಎಲ್ಲಿಗೆ ಹೋಗುತ್ತದೆ ಅಂತ ಪುಸ್ತಕದಲ್ಲಿ ಬರೆಯದೆ ಗಂಡು ಹೆಣ್ಣು ಕೂಡಿಸುವುದಿಲ್ಲ. ಹೆಣ್ಣಾದರೆ ನನ್ನ ಮಂದೆಗೋ, ಗಂಡಾದರೆ ಉಣ್ಣೆಗೆ ಇಟ್ಟುಕೊಳ್ಳುವಷ್ಟು ಹುಲ್ಲು ಇದೆಯೋ, ಕೊಳ್ಳುವವರು ಇದ್ದಾರೋ. ಈ ಪ್ರಾಣಿ 15–20 ವರ್ಷ ಬದುಕುತ್ತದೆ. ಮರಿಗಳಲ್ಲಿ ಸುಮಾರು ಅರ್ಧ ಗಂಡೇ, ಬೀಜದ ಗಂಡಾಗುವ ಯೋಗ್ಯತೆ ಇರೋದು ಅದರಲ್ಲಿ ಕೆಲವಕ್ಕೆ ಮಾತ್ರ.

ಅಲ್ಪಾಕಾದಲ್ಲಿ ಹಸುವಿನ ಹಾಗೆ ಬೆದೆಗೆ ಕಾಯಬೇಕಾಗಿಲ್ಲ, ಕೂಡಿದ ಮೇಲೇ ಅಂಡ ಬಿಡುಗಡೆ ಆಗುತ್ತದೆ. ಗಂಡು ಗಂಟಲಲ್ಲಿ ಗೊರಗೊರ ಅನ್ನುತ್ತಾ ಬರುತ್ತದೆ, ಹೆಣ್ಣಿಗೆ ಒಪ್ಪಿಗೆ ಇದ್ದರೆ ನೆಲಕ್ಕೆ ಕುಕ್ಕರಿಸುತ್ತದೆ. ಒಂದೆರಡು ವಾರ ಬಿಟ್ಟು ಅದೇ ಗಂಡನ್ನು ಮತ್ತೆ ಎದುರಿಗೆ ತರುತ್ತೇನೆ. ಹೆಣ್ಣು ಉಗಿದು ಓಡಿದರೆ ಗಬ್ಬ ಕಟ್ಟಿರುವ ಸಾಧ್ಯತೆ ಜಾಸ್ತಿ. ಆಮೇಲೆ ಸ್ಕ್ಯಾನ್ ಮಾಡಿಸಿ ಖಚಿತ ಮಾಡಿಕೊಳ್ಳುತ್ತೇನೆ. ಗಬ್ಬ ಸುಮಾರು ಹನ್ನೊಂದೂವರೆ ತಿಂಗಳು. ಒಂದೇ ಮರಿ, ಅವಳಿ ತೀರಾ ಅಪರೂಪ.

ಈಯುವುದು ಹೆಚ್ಚಾಗಿ ಹಗಲಲ್ಲೇ. ಇದರ ತವರಾದ ಆಂಡೀಸ್ ಬೆಟ್ಟಗಳ ಚಳಿಯಲ್ಲಿ ರಾತ್ರಿಗೆ ಮುಂಚೆ ಮರಿ ಒಣಗಬೇಕಲ್ಲ, ಆ ಗುಣ ಎಲ್ಲಿಗೆ ಹೋದರೂ ಬಿಟ್ಟಿಲ್ಲ. ತಾಯಿ ಮರಿಯನ್ನು ನೆಕ್ಕುವುದಿಲ್ಲ. ಹಸು ಆಡು ಸಾಕಿದವರಿಗೆ ಇದು ಗಾಬರಿ ತರುತ್ತದೆ, ತಾಯಿ ಮರಿಯನ್ನು ಬಿಟ್ಟಿದೆ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ, ಗುಂಯ್ ಅಂತ ಮೆಲ್ಲಗೆ ದನಿ ಮಾಡುತ್ತಾ ಪಕ್ಕದಲ್ಲೇ ನಿಂತಿರುತ್ತದೆ. ಚಳಿ ಇದ್ದರೆ ಟವೆಲ್‌ನಿಂದ ಒರೆಸಿ, ಹೊಕ್ಕುಳಕ್ಕೆ ಅಯೋಡಿನ್ ಹಚ್ಚಿ, ದೂರ ಸರಿಯುತ್ತೇನೆ. ಮೊದಲ ಕೆಲವು ಗಂಟೆಗಳಲ್ಲಿ ಗಿಣ್ಣುಹಾಲು ಹೊಟ್ಟೆಗೆ ಹೋಗಲೇಬೇಕು, ಯಾಕೆಂದರೆ ಮರಿಗೆ ರೋಗ ತಡೆಯುವ ಶಕ್ತಿ ಬರುವುದೇ ಅದರಿಂದ. ದಿನಾ ಒಂದೇ ಹೊತ್ತಿಗೆ ತೂಗುತ್ತೇನೆ. ಹುಟ್ಟಿದಾಗ 6–8 ಕಿಲೋ ಇರುತ್ತದೆ. ಮೊದಲ ದಿನ ಸ್ವಲ್ಪ ಇಳಿಯಬಹುದು, ಆಮೇಲೂ ತೂಕ ಏರದಿದ್ದರೆ ಅದೇ ದಿನ ವೈದ್ಯರನ್ನು ಕರೆಸಬೇಕು.

ಗಂಡುಮರಿಯನ್ನು ಎತ್ತಿಕೊಂಡು ಮುದ್ದು ಮಾಡಲು ಯಾರಿಗೂ ಬಿಡುವುದಿಲ್ಲ. ಬಾಟಲಿ ಹಾಲು ಕೊಡಬೇಕಾಗಿ ಬಂದರೂ ಮಂದೆಯೊಳಗೇ ಇಟ್ಟು ಕೊಡುತ್ತೇನೆ. ಮನುಷ್ಯರ ಮಧ್ಯೆಯೇ ಬೆಳೆದ ಗಂಡು ದೊಡ್ಡದಾದ ಮೇಲೆ ಮನುಷ್ಯರನ್ನು ಎದುರಾಳಿ ಗಂಡು ಅಂತ ತಿಳಿದು ಮೇಲೆ ಬೀಳುತ್ತದೆ. ಮೆತ್ತನೆ ಮುಖ ನೋಡಿ ಇದನ್ನು ಯಾರೂ ನಂಬುವುದಿಲ್ಲ.

ದುಡ್ಡಿನ ಮಾತು. ಅಮೆರಿಕಕ್ಕೆ 1980ರ ದಶಕದಲ್ಲಿ ಅಲ್ಪಾಕಾ ಬಂದ ಮೇಲೆ ಅಲ್ಲಿ ಒಂದೊಂದು ಒಳ್ಳೆ ಹೆಣ್ಣು ಹತ್ತಾರು ಸಾವಿರ ಡಾಲರಿಗೆ ಮಾರಾಟವಾಯಿತು. ಕೊಂಡವರಲ್ಲಿ ಬಹಳ ಜನ ಮರಿ ಮಾಡಿ ಇನ್ನೊಬ್ಬ ಹೊಸಬರಿಗೆ ಮಾರಲು ಬಂದವರು. ಹೊಸಬರು ಬರುವುದು ನಿಂತಾಗ ಬೆಲೆ ಕುಸಿಯಿತು. ಅದಕ್ಕೇ ನಾನು ಮರಿ ಮಾರಾಟವನ್ನು ಲೆಕ್ಕದ ಮೊದಲ ಸಾಲಿನಲ್ಲಿ ಬರೆಯುವುದಿಲ್ಲ. ನೂಲು, ಕೈಯಲ್ಲಿ ನೂಲುವವರಿಗೆ ಹಸಿ ಉಣ್ಣೆ, ಗೊಬ್ಬರ, ಇವು ಮೊದಲು. ಒಂದು ಪ್ರಾಣಿಯಿಂದ ವರ್ಷಕ್ಕೆ ಸಾಮಾನ್ಯವಾಗಿ 2–4 ಕಿಲೋ ಉಣ್ಣೆ, ಅದೂ ಎಲ್ಲಾ ಒಳ್ಳೆ ಮಾಲಲ್ಲ. ಹಾಗೇ ಮಾರುವುದಕ್ಕಿಂತ ನೂಲು ಮಾಡಿಸಿ ಮಾರಿದರೇ ನನಗೆ ಮೇವಿನ ಖರ್ಚು ಹುಟ್ಟುವುದು. ಯಾವ ಪ್ರಾಣಿಯ ಉಣ್ಣೆ ಅಂತ ಚೀಟಿ ಕಟ್ಟಿ ಕೊಡುತ್ತೇನೆ. ಕೆಲವರು ಮರುವರ್ಷ ಅದೇ ಪ್ರಾಣಿಯ ನೂಲು ಕೇಳಿಕೊಂಡು ಬರುತ್ತಾರೆ, ಆಗ ಆಗುವ ಖುಷಿಯೇ ಬೇರೆ.

ಕೊಳ್ಳಲು ಹೊರಟವರು ಮಾರುವವರ ಹತ್ತಿರ ಮೂರು ದಾಖಲೆ ಕೇಳಿ: ಕೆಲವು ವರ್ಷಗಳ ಮೈಕ್ರಾನ್ ವರದಿ, ತೂಕದ ಪುಸ್ತಕ, ಹೆಣ್ಣಾದರೆ ಈದ ವಿವರ. ಸಾಧ್ಯವಾದರೆ ಅವರ ಉಣ್ಣೆ ಕತ್ತರಿಸುವ ದಿನ ಕೆಲಸಕ್ಕೆ ಕೈ ಜೋಡಿಸಿ. ಉಣ್ಣೆ ಇಳಿದ ಮೇಲೆ ಪ್ರಾಣಿಯ ಕಾಲು, ಬೆನ್ನು, ಮೈಕಟ್ಟು ಎಲ್ಲವೂ ಎದುರಿಗೇ ಕಾಣುತ್ತದೆ. ಬೆಲೆಯ ಮಾತು ಅದಾದ ಮೇಲೆ ಆಡಿ.